ಮೈಲೇಜಣ್ಣನ ಎಡಗೈ

ಹತ್ತೊಂಬತ್ತು ವರ್ಷ ಒಂದೇ ಡ್ರೈವರ್ ಜೊತೆ ಕಂಡಕ್ಟರ್ ಆಗಿ ಕೆಲಸ ಮಾಡಿದ್ದೇನೆ. ಅಷ್ಟೂ ವರ್ಷ ನಾನು ಹೆಚ್ಚಾಗಿ ನೋಡಿದ್ದು ಅವರ ಬೆನ್ನನ್ನು. ಸಿಟ್ಟು ಬಂದರೆ ಅವರ ಕಿವಿಯ ತುದಿ ಕೆಂಪಾಗುತ್ತದೆ, ಹಸಿವಾದರೆ ಭುಜ ಇಳಿಬೀಳುತ್ತದೆ, ಖುಷಿಯಾದರೆ ತಲೆಯ ಮೇಲಿನ ಟೋಪಿ ತಾನಾಗಿಯೇ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ಮುಖ ನೋಡಿ ಮಾತಾಡುವವರಿಗಿಂತ ಬೆನ್ನು ನೋಡಿದ ನನಗೇ ಅಣ್ಣನ ಸ್ವಭಾವ ಚೆನ್ನಾಗಿ ಗೊತ್ತು ಅಂತ ಒಮ್ಮೆ ಅವರ ಹೆಂಡತಿಯ ಎದುರಿಗೇ ಹೇಳಿಬಿಟ್ಟೆ. ಅತ್ತಿಗೆ ನಗುತ್ತಾ, "ಹಾಗಾದ್ರೆ ನೀನೇ ಇಟ್ಕೋ ತಾಯಿ, ನನಗೂ ಸ್ವಲ್ಪ ರಜ ಸಿಗುತ್ತೆ" ಅಂದರು.

ಡಿಪೋದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೈಲೇಜಣ್ಣ ಅಂತ. ಕ್ಯಾಂಟೀನಿನ ಗೋಡೆಗೆ ಒಂದು ಹಸಿರು ಹಲಗೆ ಹಾಕಿದ್ದಾರೆ. ವರ್ಷಕ್ಕೊಮ್ಮೆ, ಎಲ್ಲರಿಗಿಂತ ಕಡಿಮೆ ಡೀಸೆಲ್ಲಿನಲ್ಲಿ ಎಲ್ಲರಿಗಿಂತ ಹೆಚ್ಚು ದೂರ ಓಡಿಸಿದ ಡ್ರೈವರ್ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ಸತತ ಹನ್ನೊಂದು ವರ್ಷ ಒಂದೇ ಹೆಸರು. ಬರೆದೂ ಬರೆದೂ ಬೇಸರವಾದ ಪೇಂಟರ್, "ಈ ಸಲ 'ಮೇಲಿನಂತೆ' ಅಂತ ಬರೆದ್ರೆ ಸಾಕಲ್ವಾ ಸರ್?" ಎಂದು ಡಿಪೋ ಮ್ಯಾನೇಜರ್ ಬಳಿ ಕೇಳಿದ್ದನಂತೆ.

ಉಳಿಸುವುದು ಅವರಿಗೆ ಚಟ. ಮನೆಯಲ್ಲಿ ಪಾತ್ರೆ ಕುದಿಯುತ್ತಿದ್ದರೆ ಒಂದು ನಿಮಿಷ ಮೊದಲೇ ಒಲೆ ಆರಿಸುತ್ತಾರೆ, ಉಳಿದದ್ದು ಅದರ ಬಿಸಿಯಲ್ಲೇ ಬೇಯುತ್ತದಂತೆ. ಕಾಗದದ ಒಂದು ಮಗ್ಗುಲಲ್ಲಿ ಬರೆದು ಬಿಸಾಡುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಅತ್ತಿಗೆಗೂ ಅವರ ಅತ್ತೆಗೂ ಜಗಳ ಹತ್ತಿದರೆ ಒಂದು ಮಾತನ್ನೂ ಖರ್ಚು ಮಾಡದೆ, ತಾನಾಗಿ ತಣ್ಣಗಾಗಲಿ ಅಂತ ಸುಮ್ಮನೆ ಕೂತಿರುತ್ತಾರೆ. "ಇವರು ಮನೇಲೂ ನ್ಯೂಟ್ರಲ್ಲೇ" ಅನ್ನುವುದು ಅತ್ತಿಗೆಯ ಹಳೆಯ ದೂರು.

ಆ ನ್ಯೂಟ್ರಲ್ಲೇ ಅವರ ಹನ್ನೊಂದು ಪ್ರಶಸ್ತಿಗಳ ಗುಟ್ಟು. ನಮ್ಮ ರೂಟು ಬಸ್ ನಿಲ್ದಾಣದಿಂದ ಗುಡ್ಡದ ಮೇಲಿನ ಆಸ್ಪತ್ರೆಗೆ. ಒಂದು ಕಡೆಗೆ ಇಪ್ಪತ್ತೆರಡು ಕಿಲೋಮೀಟರ್, ಅದರಲ್ಲಿ ಕೊನೆಯ ಏಳು ಬರೀ ಏರು. ಹತ್ತುವಾಗ ಡೀಸೆಲ್ ಕುಡಿಯುವ ಬಸ್ಸನ್ನು ಇಳಿಯುವಾಗ ಉಪವಾಸ ಹಾಕುವುದು ಅಣ್ಣನ ವಿದ್ಯೆ. ಗುಡ್ಡದ ನೆತ್ತಿಯ ನೀರಿನ ಟ್ಯಾಂಕ್ ದಾಟಿದ ಕೂಡಲೇ ಅವರ ಎಡಗೈ ಗೇರನ್ನು ನ್ಯೂಟ್ರಲ್ಲಿಗೆ ತಳ್ಳುತ್ತಿತ್ತು. ಅಬ್ಬರಿಸುತ್ತಿದ್ದ ಇಂಜಿನ್ ಗೊರಕೆಗೆ ಇಳಿಯುತ್ತಿತ್ತು, ಬಸ್ಸು ತನ್ನ ಭಾರಕ್ಕೇ ಉರುಳಿಕೊಂಡು ಬರುತ್ತಿತ್ತು. ಅಣ್ಣ ಬ್ರೇಕನ್ನು ಮುಟ್ಟಿದ್ದೂ ಗೊತ್ತಾಗದ ಹಾಗೆ ಮುಟ್ಟುತ್ತಿದ್ದರು. ನಾಲ್ಕು ಗಂಟೆಯ ಟ್ರಿಪ್ಪಿನಲ್ಲಿ ಆಸ್ಪತ್ರೆಯ ಬಟ್ಟೆ ಹೊಲಿಯುವ ಟೈಲರಮ್ಮ ಮನೆಗೆ ಹೋಗುತ್ತಾರೆ. ಆಕೆ ಸೂಜಿಗೆ ದಾರ ಪೋಣಿಸಲು ಆ ಇಳಿಜಾರಿಗೇ ಕಾಯುತ್ತಿದ್ದರು. ನಾನು ಇಡೀ ಇಳಿಜಾರಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಕೊಡುತ್ತಿದ್ದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬಾರದು ಎಂಬ ಕಟ್ಟುನಿಟ್ಟಿನ ನಿಯಮ ಉಂಟು. ಡ್ರೈವರ್ ಕಣ್ಣೆದುರಿಗೇ ಕೆಂಪಕ್ಷರದಲ್ಲಿ ಅಂಟಿಸಿದ್ದಾರೆ. ಬ್ರೇಕ್ ಕೈಕೊಟ್ಟರೆ ಹಿಡಿಯಲು ಗೇರೂ ಇರುವುದಿಲ್ಲ, ಅದಕ್ಕೆ. ಅಣ್ಣನಿಗೂ ಅದು ಗೊತ್ತು, ಡಿಪೋಗೂ ಅಣ್ಣನ ಗುಟ್ಟು ಗೊತ್ತು. ಡೀಸೆಲ್ ಉಳಿಯುತ್ತಿದ್ದದ್ದರಿಂದ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಸತ್ಯ ಹೇಳಬೇಕೆಂದರೆ ನಾನೂ ಬೇರೆ ಕಡೆ ನೋಡುತ್ತಿದ್ದೆ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಒಂದು ಗೀರೂ ಬೀಳದ, ಒಬ್ಬ ಪ್ರಯಾಣಿಕನನ್ನೂ ನಡುದಾರಿಯಲ್ಲಿ ಇಳಿಸದ ಡ್ರೈವರಿಗೆ ನಿಯಮ ಹೇಳಲು ನಾನು ಯಾರು?

ಹೀಗಿರುವಾಗ ನಮ್ಮ ಡಿಪೋಗೆ ಕರೆಂಟ್ ಬಸ್ಸು ಬಂತು. ಒಂದೇ ಒಂದು, ಪರೀಕ್ಷೆಗೆ. ಆರು ವಾರ ಅದನ್ನು ನಮ್ಮ ಆಸ್ಪತ್ರೆ ರೂಟಿನಲ್ಲಿ ಓಡಿಸಬೇಕು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟು, ದಿನದ ನಾಲ್ಕೂ ಟ್ರಿಪ್ ಮುಗಿಸಿ, ಹದಿನೈದು ಪರ್ಸೆಂಟಾದರೂ ಉಳಿಸಿಕೊಂಡು ಡಿಪೋಗೆ ಬಂದರೆ ಬಸ್ಸು ಪಾಸು. ಆಗ ಹಳೆಯ ಡೀಸೆಲ್ ಬಸ್ಸುಗಳನ್ನೆಲ್ಲ ತೆಗೆದು ಇವನ್ನೇ ತರುತ್ತಾರೆ. ಉಳಿಯದಿದ್ದರೆ ಇನ್ನೂ ಹತ್ತು ವರ್ಷ ಗುಡ್ಡಕ್ಕೆ ಅದೇ ಹೊಗೆಬಂಡಿ. ಲೆಕ್ಕ ಇಡಲು ಬಸ್ ಕಂಪನಿಯಿಂದ ಒಬ್ಬ ಇಂಜಿನಿಯರಮ್ಮ ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ಉಳಿಸುವ ಪರೀಕ್ಷೆ ಅಂದಮೇಲೆ ಡ್ರೈವರ್ ಯಾರೆಂದು ಮ್ಯಾನೇಜರ್ ಎರಡು ಸಲ ಯೋಚಿಸಲಿಲ್ಲ.

ಅಣ್ಣ ಮೊದಲ ದಿನ ಬಸ್ಸನ್ನು ಎರಡು ಸುತ್ತು ಹಾಕಿ, ಮೂಗು ಮುರಿದು, "ಇದೇನು ತಂಗಿ, ಫ್ರಿಜ್ಜಿಗೆ ಚಕ್ರ ಹಾಕಿದ ಹಾಗಿದೆ" ಅಂದರು. ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಎಡಗಡೆ ಮೂರು ಗುಂಡಿ: ಮುಂದಕ್ಕೊಂದು, ಹಿಂದಕ್ಕೊಂದು, ನಡುವೆ ನ್ಯೂಟ್ರಲ್. ಡಿಪೋ ಅಂಗಳದ ಸಮತಟ್ಟು ನೆಲದಲ್ಲಿ ಒಂದು ದಿನ ತರಬೇತಿ ಕೊಟ್ಟರು. ಇಳಿಜಾರಿನಲ್ಲಿ ಏನಾಗುತ್ತದೆ ಅಂತ ಪರದೆಯ ಮೇಲೆ ಚಿತ್ರ ತೋರಿಸಿದರಂತೆ. ಊಟವಾದ ಮೇಲೆ, ದೀಪ ಆರಿಸಿ ತೋರಿಸಿದ್ದರಿಂದ ಯಾರೂ ಎಚ್ಚರ ಇರಲಿಲ್ಲ.

ಮೂಗು ಮುರಿದವರು ಮೂರನೇ ದಿನಕ್ಕೆ ಮಾರುಹೋಗಿದ್ದರು. ಹಳೆಯ ಬಸ್ಸಿನಲ್ಲಿ ಇಂಜಿನ್ ಇರುವುದು ಡ್ರೈವರ್ ಪಕ್ಕದಲ್ಲೇ, ಮೇಲೊಂದು ತಗಡಿನ ಮುಚ್ಚಳ. ಅದರ ಕಾವಿಗೆ ಅಣ್ಣನ ಎಡಗಾಲಿನ ಮೇಲೆ ಒಂದು ಕೂದಲೂ ಉಳಿದಿಲ್ಲ, ಸದ್ದಿಗೆ ಎಡಕಿವಿ ಅರ್ಧ ಹೋಗಿದೆ. ಮನೆಗೆ ಹೋದಮೇಲೂ ಬಸ್ಸಿನಲ್ಲಿದ್ದ ಹಾಗೇ ಕೂಗಿ ಮಾತಾಡುತ್ತಿದ್ದರು. ಹೊಸ ಬಸ್ಸು ಬಂದ ಎರಡನೇ ವಾರ ಅತ್ತಿಗೆ ನನ್ನನ್ನು ಕಂಡು, "ಏನ್ ಮಾಡಿದ್ರಿ ಇವರಿಗೆ? ಮೆತ್ತಗೆ ಮಾತಾಡ್ತಾರೆ. ನಿನ್ನೆ ನಾನು ಯಾರೋ ನೆಂಟರು ಬಂದಿದಾರೆ ಅಂತ ಹೊರಗೆ ಬಂದು ನೋಡಿದೆ" ಅಂದರು. ನನಗೂ ಅಷ್ಟೇ. ಹತ್ತೊಂಬತ್ತು ವರ್ಷ ಇಂಜಿನ್ ಮೇಲೆ ಕಿರುಚಿ ಕಿರುಚಿ ಒಡೆದಿದ್ದ ಗಂಟಲು ನಿಧಾನಕ್ಕೆ ವಾಪಸ್ ಬಂತು. ಈ ಬಸ್ಸು ಪಾಸಾಗಲಿ ಅಂತ ನಾನು ಮನಸಾರೆ ಬಯಸಿದ್ದೆ.

ಆದರೆ ಬಸ್ಸು ಪಾಸಾಗುತ್ತಿರಲಿಲ್ಲ. ಮೊದಲ ದಿನ ಉಳಿದದ್ದು ಒಂಬತ್ತು ಪರ್ಸೆಂಟ್, ಮರುದಿನ ಎಂಟು, ಅದರ ಮರುದಿನ ಏಳು. ಅಣ್ಣ ಎಸಿ ಕಡಿಮೆ ಮಾಡಿ ನೋಡಿದರು, ಮೊಟ್ಟೆ ತುಂಬಿದ ಬುಟ್ಟಿ ಹೊತ್ತವರ ಹಾಗೆ ಮೆಲ್ಲಗೆ ಓಡಿಸಿ ನೋಡಿದರು. ಒಂಬತ್ತು ದಾಟಲಿಲ್ಲ. ಇಂಜಿನಿಯರಮ್ಮ ಉಗುರು ಕಚ್ಚುತ್ತಾ, "ಇಳಿಜಾರಲ್ಲಿ ಬ್ಯಾಟರಿಗೆ ಒಂದಿಷ್ಟು ವಾಪಸ್ ತುಂಬಬೇಕಿತ್ತು, ತುಂಬ್ತಾ ಇಲ್ಲ. ಯಂತ್ರದಲ್ಲೇ ಏನೋ ದೋಷ ಇರಬೇಕು" ಅನ್ನುತ್ತಿದ್ದರು. ಅವರ ಲ್ಯಾಪ್‌ಟಾಪಿಗೆ ಬ್ಯಾಟರಿಯ ಲೆಕ್ಕ ಮಾತ್ರ ಬರುತ್ತಿತ್ತು, ಡ್ರೈವರ್ ಯಾವ ಗುಂಡಿ ಒತ್ತಿದರು ಅನ್ನುವುದು ಬರುತ್ತಿರಲಿಲ್ಲ. ಡಿಪೋದಲ್ಲಿ ಯಾರಿಗೂ ಅಣ್ಣನ ಮೇಲೆ ಅನುಮಾನ ಇರಲಿಲ್ಲ. ಮೈಲೇಜಣ್ಣನ ಕೈಯಲ್ಲೇ ಆಗದ್ದು ಇನ್ನು ಯಾರ ಕೈಯಲ್ಲಾಗುತ್ತೆ ಅನ್ನುವುದು ಕ್ಯಾಂಟೀನಿನ ತೀರ್ಮಾನ.

ಐದನೇ ವಾರದ ಶುಕ್ರವಾರ ಆಗಬಾರದ್ದು ಆಯಿತು. ವಿಪರೀತ ಸೆಖೆ, ಎಸಿ ಇಡೀ ದಿನ ಓಡಿತ್ತು. ಸಂಜೆ ರೋಗಿಗಳನ್ನು ನೋಡಲು ಹೋಗುವವರು ಬಾಗಿಲವರೆಗೂ ತುಂಬಿದ್ದರು. ನಾಲ್ಕನೇ ಸಲ ಗುಡ್ಡ ಹತ್ತುವಾಗ ಬಸ್ಸು ಮೊದಲು ಆಮೆಯಾಯಿತು, ಆಮೇಲೆ ನಿಂತೇಬಿಟ್ಟಿತು. ಆಸ್ಪತ್ರೆ ಇನ್ನೂ ಒಂದೂವರೆ ಕಿಲೋಮೀಟರ್ ಮೇಲಿತ್ತು.

ಐವತ್ತು ಜನ ಇಳಿದು ನಡೆದರು. ಫ್ಲಾಸ್ಕ್ ಹಿಡಿದವರು, ಹಣ್ಣಿನ ಚೀಲ ಹಿಡಿದವರು, ಕಾಲು ನೋಯುವವರು. ಅಣ್ಣ ಒಬ್ಬ ಅಜ್ಜಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಬಾಗಿಲವರೆಗೂ ಹೋಗಿ ಬಿಟ್ಟು ಬಂದರು. ದಾರಿಯುದ್ದಕ್ಕೂ ಅಜ್ಜಿ ಅವರನ್ನೇ ಬೈಯುತ್ತಿದ್ದರಂತೆ, ಚೀಲ ಹೊತ್ತವರೇ ಡ್ರೈವರ್ ಅಂತ ಅವರಿಗೆ ಗೊತ್ತಿರಲಿಲ್ಲ. ಅಣ್ಣ ಹೇಳಲೂ ಇಲ್ಲ. ವಾಪಸ್ ಬಂದು, ನಿಂತ ಬಸ್ಸಿನ ಮೆಟ್ಟಿಲ ಮೇಲೆ ಕೂತು, "ಇಪ್ಪತ್ತಾರು ವರ್ಷ, ತಂಗಿ" ಅಂದರು.

ಮರುದಿನ ಅವರು ಡ್ಯೂಟಿಗೆ ಬರಲಿಲ್ಲ. ಅತ್ತಿಗೆ ಫೋನ್ ಮಾಡಿ, "ಗೇಟ್ ಡ್ಯೂಟಿ ಕೊಡಿ ಅಂತ ಅರ್ಜಿ ಬರೀತಾ ಕೂತಿದಾರೆ. ನಾನು ಇನ್ನು ಬಸ್ ಮುಟ್ಟಲ್ಲ ಅಂತಾರೆ. ನೀನಾದ್ರೂ ಹೇಳು" ಅಂದರು. ಗೇಟ್ ಡ್ಯೂಟಿ ಅಂದರೆ ಡಿಪೋ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಸ್ಸುಗಳ ನಂಬರ್ ಬರೆಯುವುದು. ಸ್ಟೇರಿಂಗ್ ಬಿಟ್ಟು ಎರಡು ದಿನವಾದರೆ ಕೈ ಕೆರೆಯುತ್ತೆ ಅನ್ನುವ ಮನುಷ್ಯ ಆ ಕುರ್ಚಿಯಲ್ಲಿ ಹೇಗೆ ಬದುಕುತ್ತಾರೆ ಅಂತ ನನಗೆ ಊಹಿಸಲೂ ಆಗಲಿಲ್ಲ.

ಅವರ ಬದಲಿಗೆ ಶನಿವಾರ ಬಸ್ಸು ಹತ್ತಿದವರು ಬ್ರೇಕ್ ರಾಯರು. ಹೆಸರೇ ಹೇಳುವಂತೆ ಬ್ರೇಕಿನ ಮೇಲೇ ಸಂಸಾರ. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೆದರಿದ್ದರಂತೆ. ಅಂದಿನಿಂದ ಪ್ರಾಣ ಹೋದರೂ ಗೇರಿನಿಂದ ಹೊರಗೆ ಬಂದವರಲ್ಲ, ನ್ಯೂಟ್ರಲ್ ಅಂದರೆ ದೆವ್ವದ ಹೆಸರು ಕೇಳಿದ ಹಾಗೆ ಮಾಡುತ್ತಾರೆ. ಡೀಸೆಲ್ ಉಳಿಸುವ ಪಟ್ಟಿಯಲ್ಲಿ ಅವರದು ಯಾವಾಗಲೂ ಕಟ್ಟಕಡೆಯ ಹೆಸರು. ಇವರ ಕೈಯಲ್ಲಿ ಬಸ್ಸು ಎರಡನೇ ಟ್ರಿಪ್ಪಿಗೇ ಮಲಗುತ್ತದೆ ಅಂತ ಇಡೀ ಕ್ಯಾಂಟೀನ್ ನಕ್ಕಿತು.

ಮೊದಲ ಇಳಿಜಾರಿನಲ್ಲೇ ನಾನು ಮುಗ್ಗರಿಸಿದೆ. ಟ್ಯಾಂಕ್ ದಾಟಿ ರಾಯರು ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಯಾರೋ ಹಿಂದಿನಿಂದ ಬಸ್ಸಿನ ಸೊಂಟ ಹಿಡಿದು ಎಳೆದ ಹಾಗಾಯಿತು. ನಿಂತವರೆಲ್ಲ ಮುಂದಕ್ಕೆ ವಾಲಿದರು. ನಾನು ಟಿಕೆಟ್ ಮೆಷಿನ್ ಸಮೇತ ಹೋಗಿ ಕಂಬಿ ತಬ್ಬಿಕೊಂಡೆ. "ಏನ್ರೀ ರಾಯರೇ!" ಅಂತ ರೇಗಿದೆ. ರಾಯರು ತಿರುಗದೆ, "ನಾನು ಬ್ರೇಕ್ ಮುಟ್ಟೇ ಇಲ್ಲ ಕಣಮ್ಮ, ಅದೇ ಹಿಡಿತಾ ಇದೆ" ಅಂದರು.

ಸಂಜೆ ಡಿಪೋಗೆ ಬಂದಾಗ ಮೀಟರಿನಲ್ಲಿ ಇಪ್ಪತ್ತೊಂದು ಪರ್ಸೆಂಟ್ ಉಳಿದಿತ್ತು. ಇಂಜಿನಿಯರಮ್ಮ ಮೂರು ಸಲ ನೋಡಿದರು. ಮ್ಯಾನೇಜರ್ ಮೀಟರೇ ಕೆಟ್ಟಿದೆ ಅಂದರು. ರಾಯರಂತೂ ತಾವೇ ಏನೋ ತಪ್ಪು ಮಾಡಿದವರ ಹಾಗೆ, "ನಾನು ಏನೂ ಮಾಡಿಲ್ಲ ಸರ್" ಅಂತ ನಾಲ್ಕು ಜನರಿಗೆ ಹೇಳಿ ಮನೆಗೆ ಹೋದರು.

ಭಾನುವಾರ ರಜ. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ನನ್ನ ಅಂಗೈ ನೋಡಿಕೊಂಡೆ. ಕಂಬಿ ಹಿಡಿದ ಕಡೆ ಕೆಂಪಾಗಿತ್ತು. ಐದು ವಾರ ಅದೇ ಬಸ್ಸು, ಅದೇ ಇಳಿಜಾರು. ಅಣ್ಣ ಓಡಿಸುವಾಗ ನಾನು ಒಮ್ಮೆಯೂ ಕಂಬಿ ಹಿಡಿದಿರಲಿಲ್ಲ. ಅಂದರೆ ಬಸ್ಸು ಹಿಡಿಯುತ್ತಿರಲಿಲ್ಲ, ಉರುಳುತ್ತಿತ್ತು. ಹಳೆಯ ಬಸ್ಸಿನಲ್ಲಾದರೆ ನ್ಯೂಟ್ರಲ್ ಬಿದ್ದದ್ದು ಇಂಜಿನ್ ಸದ್ದಿನಿಂದ ಕುರುಡನಿಗೂ ತಿಳಿಯುತ್ತಿತ್ತು. ಇದರಲ್ಲಿ ಸದ್ದೇ ಇಲ್ಲವಲ್ಲ, ನನಗೆ ಹೊಳೆದೇ ಇರಲಿಲ್ಲ. ಪಾತ್ರೆ ಅಲ್ಲೇ ಬಿಟ್ಟು ಇಂಜಿನಿಯರಮ್ಮನಿಗೆ ಫೋನ್ ಮಾಡಿ, ಯಾರ ಹೆಸರೂ ಎತ್ತದೆ, ಇಳಿಜಾರಿನಲ್ಲಿ ನ್ಯೂಟ್ರಲ್ ಒತ್ತಿದರೆ ಏನಾಗುತ್ತೆ ಅಂತ ಒಂದೇ ಪ್ರಶ್ನೆ ಕೇಳಿದೆ. ಇಳಿಯುವಾಗ ಮುಂದಕ್ಕೆ ಹೋಗುವ ಗುಂಡಿಯಲ್ಲೇ ಇದ್ದರೆ ಚಕ್ರ ಕರೆಂಟ್ ಮಾಡಿ ಬ್ಯಾಟರಿಗೆ ಕಳಿಸುತ್ತೆ, ಆ ಎಳೆತ ಅದರದ್ದೇ. ನ್ಯೂಟ್ರಲ್ ಒತ್ತಿದರೆ ಸಂಬಂಧವೇ ಕಡಿದುಹೋಗುತ್ತೆ, ಏನೂ ಬರಲ್ಲ, ಅಂದರು ಆಕೆ. ಡೀಸೆಲ್ ಉಳಿಸಿದ ಅದೇ ವಿದ್ಯೆ ಇಲ್ಲಿ ಕರೆಂಟನ್ನು ಗುಡ್ಡದ ಮೇಲೆ ಚೆಲ್ಲಿ ಬರುತ್ತಿತ್ತು.

ಸೋಮವಾರ ಅತ್ತಿಗೆ ಗದರಿಸಿ ಕಳಿಸಿದ್ದರಿಂದ ಅಣ್ಣ ಬಂದರು. ಅರ್ಜಿ ಜೇಬಿನಲ್ಲಿತ್ತು, ಸಂಜೆ ಕೊಡುವುದಂತೆ. ನಿಲ್ದಾಣದಲ್ಲಿ ಜನ ಹತ್ತುವ ಮೊದಲು ಅವರ ಪಕ್ಕಕ್ಕೆ ಹೋಗಿ ನಿಂತೆ.

"ಅಣ್ಣ, ಬೇಜಾರ್ ಮಾಡ್ಕೋಬೇಡಿ. ಇಳಿಜಾರಲ್ಲಿ ನೀವು ನ್ಯೂಟ್ರಲ್ ಒತ್ತುತಾ ಇದೀರಿ."

"ಯಾರು ಹೇಳಿದ್ದು? ಇದರಲ್ಲಿ ನಾನು ಯಾಕೆ ಒತ್ತಲಿ?"

"ಕೈ ಒತ್ತುತ್ತೆ. ನಿಮಗೆ ಗೊತ್ತಾಗಲ್ಲ."

"ನನ್ನ ಕೈ ಏನ್ ಮಾಡುತ್ತೆ ಅಂತ ನನಗೆ ಗೊತ್ತಿಲ್ವಾ? ನಿನ್ನ ಟಿಕೆಟ್ ನೀನು ನೋಡ್ಕೋ."

ಕಿವಿಯ ತುದಿ ಕೆಂಪಾಯಿತು. ನಾನೂ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಒಂದು ಬೆಲ್ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಮೂರು ಬೆಲ್ಲಿಗೆ ನಮ್ಮಲ್ಲಿ ಅರ್ಥವೇ ಇಲ್ಲ. ವಾಪಸ್ ಬರುವಾಗ ನೀರಿನ ಟ್ಯಾಂಕ್ ದಾಟಿದ ಕೂಡಲೇ ಮೂರು ಬೆಲ್ ಒತ್ತಿದೆ.

ಅಣ್ಣ ಬೆಚ್ಚಿ ಕೆಳಗೆ ನೋಡಿದರು. ಎಡಗೈಯ ಹೆಬ್ಬೆರಳು ನಡುವಿನ ಗುಂಡಿಯ ಮೇಲಿತ್ತು.

ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಬೇರೆ ಯಾರದೋ ಕೈ ತನ್ನ ತೋಳಿಗೆ ಅಂಟಿಕೊಂಡಿದೆ ಅನ್ನುವ ಹಾಗೆ ಅದನ್ನೇ ನೋಡುತ್ತಿದ್ದರು. ಒಬ್ಬ ಪ್ರಯಾಣಿಕ, "ಮತ್ತೆ ಕೈಕೊಡ್ತಾ?" ಎಂದು ಕೇಳಿದ. ಅಣ್ಣ, "ಹೂಂ, ಕೈಯೇ" ಅಂದು, ಮುಂದಕ್ಕೆ ಹೋಗುವ ಗುಂಡಿ ಒತ್ತಿ, ಆ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸ್ವಲ್ಪ ದೂರ ಬಂದರು. ಆಮೇಲೆ ತಿರುವು ಬಂತು, ಪಾಪ, ಹೊರಗೆ ತೆಗೆಯಲೇಬೇಕಾಯಿತು. ಗುಡ್ಡ ಇಳಿಯುವಷ್ಟರಲ್ಲಿ ಬ್ಯಾಟರಿ ಎರಡು ಪರ್ಸೆಂಟ್ ಏರಿತ್ತು. ಐದು ವಾರದಲ್ಲಿ ಆ ಅಂಕಿ ಏರಿದ್ದನ್ನು ಅವರು ಮೊದಲ ಸಲ ನೋಡಿದ್ದು. ಟೋಪಿ ಹಿಂದಕ್ಕೆ ಸರಿಯಿತು. ಒಂದೆರಡು ನಿಮಿಷ ಅಷ್ಟೇ, ಮತ್ತೆ ಮುಂದಕ್ಕೆ ಬಂತು.

ಯಾಕೆಂದು ನನಗೆ ಸಂಜೆ ತಿಳಿಯಿತು. ಪರೀಕ್ಷೆ ಮುಗಿಯಲು ಇನ್ನು ಐದೇ ದಿನ. ಇನ್ನು ಮುಂದೆ ಸರಿಯಾಗಿ ಓಡಿಸಿದರೂ ಹಿಂದಿನ ಐದು ವಾರದ ಅಂಕಿ ಬಸ್ಸಿನ ಕತ್ತು ಹಿಡಿದು ಕೂತಿತ್ತು. ಬಸ್ಸಿನ ತಪ್ಪಲ್ಲ ಅಂತ ಯಾರಾದರೂ ಹೇಳಬೇಕು. ಹೇಳಿದರೆ ಕೈಗೆ ಈ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಅಲ್ಲಿಗೆ ಹನ್ನೊಂದು ವರ್ಷದ ಹಲಗೆಯೂ ಹೋಗುತ್ತದೆ.

"ಸುಮ್ಮನಿದ್ರೆ ಬಸ್ಸಿಗೆ ಕೆಟ್ಟ ಹೆಸರು. ಬಾಯಿ ಬಿಟ್ರೆ ನನಗೆ" ಅಂದರು ಅಣ್ಣ, ಡಿಪೋದ ನಲ್ಲಿಯಲ್ಲಿ ಮುಖ ತೊಳೆಯುತ್ತಾ. ಸುಮ್ಮನಿರಿ ಅನ್ನಲು ಬಾಯಿ ಬರಲಿಲ್ಲ, ಹೇಳಿಬಿಡಿ ಅನ್ನಲು ಎದೆ ಬರಲಿಲ್ಲ. ಟವೆಲ್ ಕೊಟ್ಟೆ.

ಮರುದಿನ ಬೆಳಿಗ್ಗೆ ಕಂಕುಳಲ್ಲಿ ಪೇಪರ್ ಸುತ್ತಿದ ಒಂದು ಕಟ್ಟು ಇಟ್ಟುಕೊಂಡು ಬಂದರು. "ನೀನೂ ಬಾ" ಅಂದರು, ಹೋದೆ. ಮ್ಯಾನೇಜರ್ ರೂಮಿನಲ್ಲಿ ಇಂಜಿನಿಯರಮ್ಮನೂ ಇದ್ದರು. ನಮ್ಮ ಮ್ಯಾನೇಜರ್ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುವ ಪೈಕಿ, ಕೆಟ್ಟವರಲ್ಲ. ಅಣ್ಣ ಕಟ್ಟು ಬಿಚ್ಚಿ ಹನ್ನೊಂದು ಪ್ರಶಸ್ತಿ ಪತ್ರಗಳನ್ನು ಮೇಜಿನ ಮೇಲಿಟ್ಟರು. ಎಲ್ಲಕ್ಕೂ ಫ್ರೇಮು ಇತ್ತು.

"ಸರ್, ಬಸ್ಸಲ್ಲಿ ದೋಷ ಇಲ್ಲ. ಇಳಿಜಾರಲ್ಲಿ ನಾನು ನ್ಯೂಟ್ರಲ್ ಹಾಕ್ತಾ ಇದ್ದೆ."

"ಎಷ್ಟು ದಿನದಿಂದ?"

"ಇಪ್ಪತ್ತಾರು ವರ್ಷದಿಂದ."

"ನಾನು ಈ ಬಸ್ಸಿನ ಮಾತಾಡ್ತಾ ಇದೀನಿ."

"ನಾನು ಈ ಕೈ ಮಾತಾಡ್ತಾ ಇದೀನಿ ಸರ್."

ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು. "ನೋಡಿ, ನಾನು ಇದನ್ನ ಕೇಳಿಸ್ಕೊಂಡೇ ಇಲ್ಲ. ಐದು ದಿನ ಸರಿಯಾಗಿ ಓಡಿಸಿ. ಇವನ್ನ ಮನೆಗೆ ತಗೊಂಡು ಹೋಗಿ. ನನ್ನ ಗೋಡೇಲಿ ಇಷ್ಟು ಮೊಳೆ ಎಲ್ಲಿದೆ?"

ಇಂಜಿನಿಯರಮ್ಮ ತಲೆ ಎತ್ತದೆಯೇ ಹೇಳಿದರು. "ಸರ್, ಕಾರಣ ಬರೀದೆ ಐದು ದಿನ ಮಾತ್ರ ಚೆನ್ನಾಗಿ ಓಡಿತು ಅಂದ್ರೆ ಯಾರೂ ನಂಬಲ್ಲ. ಸರಾಸರಿ ತೆಗೆದು ಬಸ್ ಫೇಲ್ ಅಂತಾರೆ."

ಅಣ್ಣ ಜೇಬಿನಿಂದ ಗೇಟ್ ಡ್ಯೂಟಿಯ ಅರ್ಜಿ ತೆಗೆದರು. ಅದನ್ನು ತಿರುಗಿಸಿ ಇಟ್ಟರು. ಹಿಂಬದಿಯಲ್ಲಿ, ಗುಂಡಗಿನ ಅಕ್ಷರದಲ್ಲಿ, ಎಲ್ಲವನ್ನೂ ಬರೆದಿದ್ದರು: ಯಾವ ಇಳಿಜಾರು, ಎಲ್ಲಿಂದ ಎಲ್ಲಿಯವರೆಗೆ, ಯಾವ ಗುಂಡಿ, ಎಷ್ಟು ವರ್ಷ. ಕೆಳಗೆ ಸಹಿಯೂ ಇತ್ತು.

"ಇದನ್ನೇ ಹಾಕಿ ಅಮ್ಮ. ಹೆಸರು ಸಮೇತ ಹಾಕಿ. ಮುಂಭಾಗ ಹೊಡೆದು ಹಾಕಿದೀನಿ, ಅದನ್ನ ಓದಬೇಡಿ. ಕಾಗದ ದಂಡ ಆಗಬಾರದು ಅಂತ ಇದರಲ್ಲೇ ಬರೆದೆ."

ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆದುಕೊಂಡು ಟಿಕೆಟ್ ಮೆಷಿನ್ನಿನ ಪಟ್ಟಿ ಸರಿಮಾಡಿಕೊಂಡೆ.

ನಮ್ಮ ಆಫೀಸಿನಲ್ಲಿ ಯಾವ ಕಾಗದವೂ ತಿಂಗಳಿಗೆ ಮೊದಲು ಅಲುಗಾಡುವುದಿಲ್ಲ. ಈ ಒಂದು ಮೆಮೊ ಮಾತ್ರ ಗುರುವಾರವೇ ಬಂತು. ನಿಯಮ ಮುರಿದದ್ದಕ್ಕೆ ಎಚ್ಚರಿಕೆ, ಪ್ರಶಸ್ತಿಗಳು ರದ್ದು. ಶುಕ್ರವಾರ ಪೇಂಟರ್ ಬಂದು ಹಸಿರು ಬಣ್ಣದಲ್ಲಿ ಹನ್ನೊಂದು ಸಾಲು ಅಳಿಸಿದ. ಹೊಸ ಬಣ್ಣ ಹಳೆಯದಕ್ಕೆ ಹೊಂದದೆ, ಅಳಿಸಿದ ಜಾಗವೇ ದೂರದಿಂದ ಎದ್ದು ಕಾಣುತ್ತಿತ್ತು. ಊಟಕ್ಕೆ ಕೂತವರೆಲ್ಲ ತಟ್ಟೆಯಲ್ಲೇ ಕಣ್ಣಿಟ್ಟು ಉಣ್ಣುತ್ತಿದ್ದರು. ನನಗೆ ಅವರೆಲ್ಲರ ಮೇಲೂ ಕೋಪ ಬಂತು, ಅಷ್ಟು ವರ್ಷ ಬೇರೆ ಕಡೆ ನೋಡಿದ ನನ್ನ ಮೇಲೂ ಬಂತು. ಅಣ್ಣ ಮಾತ್ರ ಪೇಂಟರ್ ಪಕ್ಕ ನಿಂತು, "ಇನ್ನೊಂದು ಕೋಟು ಹಾಕಪ್ಪ, ಆರನೇ ಸಾಲು ಇನ್ನೂ ಕಾಣುತ್ತೆ" ಅಂದರು. ಆದರೆ ಅವರ ಭುಜ ಇಳಿಬಿದ್ದಿತ್ತು, ಊಟ ಆಗಿದ್ದರೂ.

ಆ ವಾರವೆಲ್ಲ ಅಣ್ಣ ಶಿಷ್ಯರಾಗಿದ್ದರು. ಗುರು ಬೇರೆ ಯಾರೂ ಅಲ್ಲ, ಬ್ರೇಕ್ ರಾಯರು. ತಮ್ಮ ಡ್ಯೂಟಿ ಮುಗಿದ ಮೇಲೆ ರಾಯರು ಬಂದು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. "ಹೆದರ್ಕೊಳ್ಳಿ ಸ್ವಾಮಿ" ಅನ್ನುವುದು ಅವರ ಪಾಠ. "ಇಳಿಜಾರಲ್ಲಿ ಹೆದರಿದ್ರೆ ಕೈ ತಾನಾಗೇ ಸುಮ್ಮನಿರುತ್ತೆ. ನೀವು ಧೈರ್ಯ ಜಾಸ್ತಿ ಮಾಡಿ ಕೆಟ್ರಿ." ಅಣ್ಣ ಹೂಂಗುಟ್ಟುತ್ತಿದ್ದರು. ಹೂಂಗುಟ್ಟುತ್ತಲೇ ಟ್ಯಾಂಕ್ ಬಳಿ ಎಡಗೈ ಹೊರಡುತ್ತಿತ್ತು, ನಾನು ಮೂರು ಬೆಲ್ ಒತ್ತುತ್ತಿದ್ದೆ, ಕೈ ಕಳ್ಳನ ಹಾಗೆ ವಾಪಸ್ ಬರುತ್ತಿತ್ತು. ಮಂಗಳವಾರದಿಂದ ಶುಕ್ರವಾರದವರೆಗೆ ಹದಿನಾರು ಇಳಿಜಾರು, ಹದಿನಾರಕ್ಕೂ ಮೂರು ಬೆಲ್. ಮೂರು ಬೆಲ್ ಕೇಳಿದರೆ ಏನೋ ಅಪಾಯ ಅಂತ ತಿಳಿದು ಮಕ್ಕಳು ಅಮ್ಮಂದಿರನ್ನು ಹಿಡಿದುಕೊಳ್ಳುತ್ತಿದ್ದವು.

ಶನಿವಾರ ಕೊನೆಯ ದಿನ. ಬಸ್ಸು ಇಪ್ಪತ್ತೆರಡು ಪರ್ಸೆಂಟ್ ಉಳಿಸಿಕೊಂಡು ಬಂತು, ಅಣ್ಣನ ಕಾಗದವನ್ನು ಸೇರಿಸಿ ವರದಿ ಹೋಯಿತು, ಬಸ್ಸು ಪಾಸಾಯಿತು, ಮುಂದಿನ ವರ್ಷದಿಂದ ಗುಡ್ಡಕ್ಕೆ ಇವೇ ಬರುತ್ತವೆ. ಇಷ್ಟನ್ನು ಪೇಪರಿನವರೂ ಬರೆದರು. ಅವರು ಬರೆಯದ ಒಂದು ಸಂಗತಿ ಉಂಟು, ಅದು ನಾಲ್ಕು ಗಂಟೆಯ ಟ್ರಿಪ್ಪಿನದು.

ಮ್ಯಾನೇಜರ್ ಮತ್ತು ಇಂಜಿನಿಯರಮ್ಮ ಹಿಂದಿನ ಸೀಟಿನಲ್ಲಿದ್ದರು. ಟೈಲರಮ್ಮ ತಮ್ಮ ಕಿಟಕಿಯ ಪಕ್ಕ ಕೂತು, ಅಂಚು ಹೊಲಿಯುವ ಬಟ್ಟೆ ತೊಡೆಯ ಮೇಲೆ ಹರಡಿ, ಸೂಜಿ ಕೈಗೆತ್ತಿಕೊಂಡಿದ್ದರು. ಹದಿನೈದು ದಿನ ಮಗಳ ಮನೆಗೆ ಹೋಗಿದ್ದವರಿಗೆ ಇಲ್ಲಿ ಆದದ್ದು ಒಂದೂ ಗೊತ್ತಿಲ್ಲ. ನೀರಿನ ಟ್ಯಾಂಕ್ ಹತ್ತಿರ ಬಂತು. ಬೆಳಗಿನ ಟ್ರಿಪ್ಪುಗಳಲ್ಲಿ ಮಾಡಿದ ಹಾಗೇ ನಾನು ಬೆಲ್ಲಿನ ಮೇಲೆ ಬೆರಳಿಟ್ಟು ಕಾದೆ. ಟ್ಯಾಂಕ್ ದಾಟಿತು. ಒತ್ತಬೇಕು ಅನ್ನುವಷ್ಟರಲ್ಲಿ ಬಸ್ಸಿನ ಸೊಂಟ ಹಿಡಿದು ಎಳೆದ ಹಾಗಾಯಿತು, ನನ್ನ ಕಾಲು ಜಾರಿತು, ಹೋಗಿ ಕಂಬಿ ಹಿಡಿದುಕೊಂಡೆ. ಆ ವಾರವೆಲ್ಲ ಬೆಲ್ ಒತ್ತಿದ ಮೇಲೆ ಎಳೆತ ಬರುವುದು ಗೊತ್ತಿದ್ದು ಕಾಲೂರಿ ನಿಂತಿರುತ್ತಿದ್ದೆ; ಹತ್ತೊಂಬತ್ತು ವರ್ಷದಲ್ಲಿ ಅಣ್ಣನ ಬಸ್ಸಿನಲ್ಲಿ ನಾನು ಕಂಬಿ ಹಿಡಿದದ್ದು ಅದೇ ಮೊದಲು. ಮುಂದೆ ಬಗ್ಗಿ ನೋಡಿದೆ. ಅವರ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು.

ಟೈಲರಮ್ಮನ ಸೂಜಿಯ ಕಣ್ಣು ತಪ್ಪಿ ದಾರ ಎತ್ತಲೋ ಹೋಯಿತು. ಆಕೆ ತಲೆ ಎತ್ತಿ, ಬೇಸರದಿಂದ ನನ್ನನ್ನು ಕೇಳಿದರು: "ಏನಮ್ಮ, ಇವತ್ತು ಡ್ರೈವರ್ ಹೊಸಬರಾ?"

"ಹೌದಮ್ಮ" ಅಂದೆ. "ಹೊಸಬರು."

ಹಳೆಯ ಬಸ್ಸಾಗಿದ್ದರೆ ಇಂಜಿನ್ ಸದ್ದಿನಲ್ಲಿ ಆ ಮಾತು ಮುಳುಗಿಹೋಗುತ್ತಿತ್ತು. ಇದರಲ್ಲಿ ಅಣ್ಣನ ಅರ್ಧ ಕಿವಿಗೂ ಕೇಳಿಸಿತು. ಅವರು ತಿರುಗಲಿಲ್ಲ, ಇಳಿಜಾರಿನಲ್ಲಿ ತಿರುಗುವವರೂ ಅಲ್ಲ. ಹಿಂದಿನಿಂದ ನೋಡುತ್ತಿದ್ದ ನನಗೆ ಮಾತ್ರ ಕಂಡಿತು, ಟೋಪಿ ಮೆಲ್ಲಗೆ ಹಿಂದಕ್ಕೆ ಸರಿಯಿತು, ನಿಲ್ದಾಣ ತಲುಪುವವರೆಗೂ ಅಲ್ಲೇ ಇತ್ತು.